ಮೊಣಕಾಲಿನ ಕಟ್ಟೂ ಮಿದುಳಿನ ಎಚ್ಚರವೂ

ಈ ಸ್ಮರಣ ಸಂಚಿಕೆಗೆ ಆರೋಗ್ಯ ವಿಷಯಕವಾದ ಒಂದು ಲೇಖನವನ್ನು ನಾವು ಬರೆಯಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಬಾಲಿಕೆಯರ ಆಹಾರ, ನಿದ್ರೆ, ಶುಚಿತ್ವ ಮುಂತಾದುವು ಮೊದಲು ನೆನಪಿಗೆ ಬಂದುವು. ಆದರೆ ಅವುಗಳನ್ನು ಕುರಿತು ಇಂತಹ ಸಂಚಿಕೆಗಳಲ್ಲಿ ಬೇಕಾದಷ್ಟು ಬರೆದಾಗಿದೆ. ಓದಿದವರು ತಲೆದೂಗಿ ಪುಟವನ್ನು ಮಗುಚಿದ್ದೂ ಆಗಿದೆ. ಈಚಿನ ವರ್ಷಗಳಲ್ಲಿ ತಾಯಿತಂದೆಗಳು ನಮ್ಮ ಕೊಠಡಿಗೆ ಬಂದು ಕೇಳುತ್ತಿರುವ ಪ್ರಶ್ನೆ ಬೇರೊಂದುಂಟು. “ಮಗಳ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಯಿತು, ಅಮ್ಮನವರೇ. ಗಾಯ ಮಾಗಿದೆ, ಚೆನ್ನಾಗಿ ನಡೆಯುತ್ತಾಳೆ. ಡಾಕ್ಟರರು ಮಾತ್ರ ಇನ್ನೂ ಆಡಕೂಡದೆನ್ನುತ್ತಾರೆ. ಕಟ್ಟು ಕೂಡಿಕೊಂಡ ಮೇಲೆ ಇನ್ನೇತಕ್ಕೆ ತಡ?” ಎಂಬುದೇ ಆ ಪ್ರಶ್ನೆ. ಇದರ ಉತ್ತರದಲ್ಲಿ ಅರ್ಧಭಾಗವಾದರೂ ಮಿದುಳಿಗೆ ಸೇರಿದ್ದು. ಅದನ್ನು ನಮಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಮಂಡಿಗೆ ಪೆಟ್ಟಾಯಿತೆಂದರೆ ಹಿರಿಯರ ಬಾಯಿಂದ ಮೊದಲು ಬರುವ ಮಾತು “ಉಳುಕು” ಎಂದು. ಎಣ್ಣೆ ಹಚ್ಚಿ ನೀವಿಸುವುದು, ಪಟ್ಟು ಹಾಕಿಸುವುದು, ಹದಿನೈದು ದಿನ ಮೂಲೆಯಲ್ಲಿ ಕೂರಿಸುವುದು—ಇಷ್ಟರಿಂದ ಎಷ್ಟೋ ಸಣ್ಣ ಉಳುಕುಗಳು ವಾಸಿಯಾಗುವುದೂ ನಿಜವೇ. ಇದರಿಂದ ಗುಣವಾಗದಿದ್ದರೆ ಬೆಂಗಳೂರಿಗೆ ಹೋಗುತ್ತೇವೆ. ಅಲ್ಲಿಯೂ ಮೂಳೆ ಕೀಲುಗಳಿಗೆ ಜಯನಗರದ ಸಂಜಯಗಾಂಧಿ ಆಸ್ಪತ್ರೆ, ಮಿದುಳು ನರಗಳಿಗೆ ನಿಮ್ಹಾನ್ಸ್, ಹೀಗೆ ಒಂದೊಂದು ಅಂಗಕ್ಕೆ ಒಂದೊಂದು ಬಾಗಿಲು. ಇದು ವೈದ್ಯರ ಅನುಕೂಲಕ್ಕಾಗಿ ಆದ ವಿಭಾಗ. ದೇಹಕ್ಕೆ ಈ ವಿಭಾಗವು ತಿಳಿಯದು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಅಂಗಗಳ ದೃಷ್ಟಾಂತವನ್ನು ಕೊಟ್ಟದ್ದು ಸಭೆಯ ಐಕ್ಯವನ್ನು ತಿಳಿಸುವುದಕ್ಕಾಗಿ. ಆದರೂ ಶರೀರಶಾಸ್ತ್ರದ ಪಾಠಕ್ಕೆ ಅದು ಎಷ್ಟು ಒಪ್ಪುತ್ತದೆಂಬುದನ್ನು ಮುಂದೆ ಓದುವವರು ಕಾಣುವರು.

ಮೊಣಕಾಲಿನ ರಚನೆಯನ್ನು ಸ್ವಲ್ಪ ನೋಡೋಣ. ಮೇಲೆ ತೊಡೆಯೆಲುಬು, ಕೆಳಗೆ ಕಾಲಿನ ದಪ್ಪ ಎಲುಬು, ಮುಂದೆ ಮಂಡಿಚಿಪ್ಪು. ಒಂದರ ಮೇಲೊಂದು ನಿಂತಿರುವ ಈ ಎಲುಬುಗಳಿಗೆ ತಮ್ಮ ಆಕಾರದಿಂದ ದೊರೆಯುವ ಭದ್ರತೆ ಬಹಳ ಕಡಿಮೆ. ಅವುಗಳನ್ನು ಬಿಗಿದಿಟ್ಟಿರುವುವು ಅಸ್ಥಿರಜ್ಜುಗಳು. ಡಾಕ್ಟರರು ಲಿಗಮೆಂಟ್ ಎನ್ನುವುದು ಇವನ್ನೇ. ಮುಖ್ಯವಾದುವು ನಾಲ್ಕು: ಎರಡು ಮಗ್ಗುಲಲ್ಲಿ ಒಂದೊಂದು, ಕೀಲಿನ ಒಳಗೆ ಎರಡು. ಒಳಗಿನ ಈ ಎರಡೂ ಒಂದನ್ನೊಂದು ಅಡ್ಡಹಾಯ್ದು ಶಿಲುಬೆಯಂತೆ ಕಾಣುವುದರಿಂದ, ಶಿಲುಬೆ ಎಂದರ್ಥವುಳ್ಳ ಕ್ರುಕ್ಸ್ ಎಂಬ ಲ್ಯಾಟಿನ್ ಶಬ್ದದಿಂದಲೇ ಅವುಗಳಿಗೆ ಹೆಸರು ಬಂದಿದೆ. ಅವುಗಳಲ್ಲಿ ಮುಂದಣದು ಕೆಳಗಿನ ಎಲುಬು ಮುಂದಕ್ಕೆ ಜಾರದಂತೆಯೂ ಕಾಲು ತಿರುಚಿಕೊಳ್ಳದಂತೆಯೂ ತಡೆಯುತ್ತದೆ. ರಾಮನಗರದ ರೇಷ್ಮೆ ನೂಲು ಬಿಚ್ಚುವವರು ಬಿಸಿನೀರಿನಲ್ಲಿರುವ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಒಂದೇ ನೂಲನ್ನಾಗಿ ತೆಗೆಯುವುದನ್ನು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರುವರು. ಅಸ್ಥಿರಜ್ಜುವೂ ಅಂತಹುದೇ: ಕೂದಲಿಗಿಂತಲೂ ತೆಳುವಾದ ಅಸಂಖ್ಯ ಎಳೆಗಳ ಕಟ್ಟು.

ಈ ಮುಂದಣ ರಜ್ಜು ಹರಿಯುವುದು ಹೆಚ್ಚಾಗಿ ಯಾರಾದರೂ ಬಂದು ಗುದ್ದಿದ್ದರಿಂದಲ್ಲ. ಖೋ-ಖೋ ಆಟದಲ್ಲಿ ಓಡುತ್ತಿದ್ದವಳು ಕಂಬದ ಬಳಿ ಥಟ್ಟನೆ ತಿರುಗುತ್ತಾಳೆ. ಕಬಡ್ಡಿಯಲ್ಲಿ ಹಿಂದಕ್ಕೆ ಹಾರಿದವಳು ಒಂದೇ ಕಾಲಿನ ಮೇಲೆ ಇಳಿಯುತ್ತಾಳೆ. ಮಂಡಿಯು ಒಳಕ್ಕೆ ಬಾಗುತ್ತದೆ. ಒಳಗೆ ಏನೋ “ಪಟ್” ಎಂದಂತಾಗುತ್ತದೆ. ಕೆಲವು ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಬಾವು ಇಳಿದ ಮೇಲೆ ನಡೆಯಲು ಬರುತ್ತದೆ. ಆದರೆ ತಿರುಗುವಾಗ ಕಾಲು ಕೈಕೊಟ್ಟಂತಾಗುತ್ತದೆ. ಒಂದೇ ಬಗೆಯ ಆಟವನ್ನಾಡುವ ಹುಡುಗರಿಗಿಂತ ಹುಡುಗಿಯರಲ್ಲಿ ಈ ಪೆಟ್ಟು ಎರಡರಿಂದ ಎಂಟು ಪಾಲು ಹೆಚ್ಚೆಂದು ಅನೇಕ ಪರಿಶೋಧನೆಗಳು ತೋರಿಸಿವೆ. ಇದನ್ನು ಓದಿ ಯಾವ ತಂದೆಯೂ ಮಗಳನ್ನು ಆಟದ ಬಯಲಿನಿಂದ ಮನೆಗೆ ಕರೆದೊಯ್ಯಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇವೆ. ಸರಿಯಾಗಿ ಹಾರುವುದನ್ನೂ ಇಳಿಯುವುದನ್ನೂ ಕಲಿಸಿದರೆ ಈ ಅಪಾಯವು ಬಹುಮಟ್ಟಿಗೆ ತಗ್ಗುವುದೆಂಬುದೂ ಅಷ್ಟೇ ಚೆನ್ನಾಗಿ ಸಿದ್ಧಪಟ್ಟಿರುವ ಸಂಗತಿ.

ಹರಿದ ರಜ್ಜುವಿಗೆ ಎಲ್ಲರಿಗೂ ಶಸ್ತ್ರಚಿಕಿತ್ಸೆಯೇ ಆಗಬೇಕೆಂದಿಲ್ಲ. ಕೆಲವರು ವ್ಯಾಯಾಮದಿಂದಲೇ ಕಾಲನ್ನು ಬಲಪಡಿಸಿಕೊಂಡು ಸುಖವಾಗಿದ್ದಾರೆ. ಆದರೆ ಓಡಿ ತಿರುಗುವ ಆಟಗಳಿಗೆ ಮರಳಬೇಕೆನ್ನುವ ಎಳೆಯರಿಗೆ ಶಸ್ತ್ರವೈದ್ಯರು ಹೊಸ ರಜ್ಜುವನ್ನು ಕಟ್ಟುವುದು ವಾಡಿಕೆ. ಸಣ್ಣ ರಂಧ್ರಗಳ ಮೂಲಕ ದುರ್ಬೀನನ್ನು ಒಳಗಿಳಿಸಿ, ರೋಗಿಯ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ಒಂದು ತುಂಡನ್ನು ತೆಗೆದು, ಎರಡು ಎಲುಬುಗಳಲ್ಲಿ ಸುರಂಗ ಕೊರೆದು ಅದನ್ನು ಅಲ್ಲಿ ಬಿಗಿಯುತ್ತಾರೆ. ನೆಟ್ಟ ಈ ತುಂಡು ಮೊದಲ ಕೆಲವು ತಿಂಗಳು ತನ್ನ ಬಲವನ್ನು ಕಳೆದುಕೊಂಡು, ಅನಂತರ ಮೆಲ್ಲಮೆಲ್ಲನೆ ಅಸ್ಥಿರಜ್ಜುವಿನ ಸ್ವರೂಪವನ್ನು ಪಡೆಯುತ್ತದೆ. ಇದಕ್ಕೆ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಹೊಲಿಗೆ ಮಾಗಿದ ದಿನವೇ ಒಳಗಿನದೂ ಮಾಗಿತೆಂದು ಎಣಿಸುವುದು, ನಾಟಿಯಾದ ಮರುದಿನವೇ ಮಾವಿನ ಸಸಿಗೆ ಉಯ್ಯಾಲೆ ಕಟ್ಟಿದಂತೆ.

ಇಷ್ಟು ಮಾತ್ರವೇ ಆಗಿದ್ದರೆ ಈ ಲೇಖನದಲ್ಲಿ ಮಿದುಳಿನ ಪ್ರಸ್ತಾಪಕ್ಕೆ ಕಾರಣವಿರುತ್ತಿರಲಿಲ್ಲ. ಬಹುಕಾಲ ಅಸ್ಥಿರಜ್ಜುವನ್ನು ಬರಿಯ ಹಗ್ಗವೆಂದೇ ಎಣಿಸಿದ್ದರು. ೧೯೮೪ರಲ್ಲಿ ಅಮೆರಿಕದ ವೈದ್ಯರು ಮನುಷ್ಯರ ಈ ಮುಂದಣ ರಜ್ಜುವಿನಲ್ಲಿಯೇ ಸೂಕ್ಷ್ಮವಾದ ನರಾಗ್ರಗಳಿರುವುದನ್ನು ತೋರಿಸಿದರು. ಕೀಲು ಎಷ್ಟು ಬಾಗಿದೆ, ಎತ್ತ ತಿರುಗುತ್ತಿದೆ, ಎಷ್ಟು ಬಿಗಿಯುತ್ತಿದೆ ಎಂಬ ಸುದ್ದಿಯನ್ನು ಇವು ಕ್ಷಣಕ್ಷಣಕ್ಕೂ ನರಗಳ ಮೂಲಕ ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಕಳುಹಿಸುತ್ತವೆ. ನೂಲು ಬಿಚ್ಚುವ ಕೆಲಸದಲ್ಲಿ ಪಳಗಿದವರ ಬೆರಳಿಗೆ ಎಳೆಯ ಬಿಗುವು ಸಡಿಲವಾದುದು ಕೂಡಲೇ ತಿಳಿಯುವುದಿಲ್ಲವೆ? ಹಾಗೆಯೇ ರಜ್ಜುವಿನ ಬಿಗುವು ಮಿದುಳಿಗೆ ತಿಳಿಯುತ್ತದೆ. ಕಣ್ಣುಮುಚ್ಚಿಕೊಂಡಿದ್ದರೂ ನಮ್ಮ ಕೈಕಾಲುಗಳು ಎಲ್ಲಿವೆಯೆಂಬುದು ನಮಗೆ ಗೊತ್ತಿರುವುದು ಇಂತಹ ಸುದ್ದಿಗಳಿಂದಲೇ. ಈ ಅರಿವಿಗೆ ೧೯೦೬ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ಷೆರಿಂಗ್ಟನ್. ಪ್ರೊಪ್ರಿಯೊಸೆಪ್ಷನ್ ಎಂಬ ಆ ಶಬ್ದದ ಭಾವವೇನೆಂದರೆ, ತನ್ನದನ್ನು ತಾನೇ ಗ್ರಹಿಸುವುದು. ಷೆರಿಂಗ್ಟನ್ನರಿಗೆ ೧೯೩೨ರಲ್ಲಿ ನೊಬೆಲ್ ಬಹುಮಾನವೂ ದೊರೆಯಿತು.

ರಜ್ಜು ಹರಿದಾಗ ಹಗ್ಗವೂ ತುಂಡಾಗುತ್ತದೆ, ಅದರೊಳಗಿನ ಟಪಾಲೂ ನಿಲ್ಲುತ್ತದೆ. ಶಸ್ತ್ರವೈದ್ಯರು ಹಗ್ಗವನ್ನು ಮರಳಿ ಕೊಡಬಲ್ಲರು. ಬೇರೆಡೆಯಿಂದ ಕತ್ತರಿಸಿ ತಂದ ತುಂಡಿನಲ್ಲಿ ನರಗಳ ಸಂಬಂಧವು ತಪ್ಪಿಹೋಗಿರುತ್ತದೆ. ಅದು ತಿರುಗಿ ಬೆಳೆಯುವುದು ನಿಧಾನವಾಗಿ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು.

ಇದಕ್ಕೂ ಸಮತೋಲಕ್ಕೂ ಸಂಬಂಧವೇನು? ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಯು ಮೇಜಿನ ಮೇಲೆ ನಿಲ್ಲುವುದು ತನ್ನ ಬುಡದ ಅಗಲದಿಂದ. ಆಲೆಮರದಲ್ಲಿ ಕಡೆದು ಬಿಟ್ಟರಾಯಿತು, ಮತ್ತೆ ಅದು ಏನನ್ನೂ ಮಾಡಬೇಕಾಗಿಲ್ಲ. ಒಂಟಿಕಾಲಿನಲ್ಲಿ ನಿಂತ ಬಾಲಿಕೆಯಾದರೋ ಒಂದು ಕ್ಷಣವೂ ನಿಶ್ಚಲಳಾಗಿರುವುದಿಲ್ಲ. ದೇಹವು ಎಡಕ್ಕೆ ವಾಲುತ್ತದೆ, ಸರಿಪಡಿಸಲ್ಪಡುತ್ತದೆ. ಬಲಕ್ಕೆ ವಾಲುತ್ತದೆ, ತಿರುಗಿ ಸರಿಪಡಿಸಲ್ಪಡುತ್ತದೆ. ಈ ತಿದ್ದುಪಾಟಿಗೆ ಬೇಕಾದ ಸುದ್ದಿಯು ಮೂರು ಕಡೆಗಳಿಂದ ಬರುತ್ತದೆ: ಕಣ್ಣಿನಿಂದ, ಒಳಗಿವಿಯಿಂದ, ಅಂಗಾಲು ಸ್ನಾಯು ಕೀಲುಗಳಿಂದ. ಕಿರುಮಿದುಳು ಮುಂತಾದ ಭಾಗಗಳು ಇವನ್ನೆಲ್ಲ ಹೊಂದಿಸಿಕೊಂಡು, ನಮಗೆ ಗೊತ್ತೇ ಆಗದಂತೆ ಸ್ನಾಯುಗಳಿಗೆ ಆಜ್ಞೆಗಳನ್ನು ಕಳುಹಿಸುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರೋಂಬರ್ಗ್ ಎಂಬ ವೈದ್ಯರು ಬೆನ್ನುಹುರಿಯ ರೋಗವುಳ್ಳ ಕೆಲವರು ಕಣ್ತೆರೆದಿರುವಾಗ ನಿಲ್ಲಬಲ್ಲರು, ಕಣ್ಣು ಮುಚ್ಚಿದರೆ ತೂರಾಡುವರೆಂದು ಕಂಡು ಬರೆದರು. ಕೀಲುಗಳ ಸುದ್ದಿ ತಪ್ಪಿದವರಿಗೆ ಕಣ್ಣೇ ಊರುಗೋಲೆಂಬುದು ಇದರಿಂದ ಸ್ಪಷ್ಟವಾಯಿತು. ಇಂದಿಗೂ ವೈದ್ಯರು ರೋಗಿಯನ್ನು ಕಣ್ಣುಮುಚ್ಚಿ ನಿಲ್ಲಿಸಿ ಈ ಪರೀಕ್ಷೆಯನ್ನು ಮಾಡುತ್ತಾರೆ.

ಮಂಡಿಯ ಶಸ್ತ್ರಚಿಕಿತ್ಸೆಯಾದವರ ಮಿದುಳು ಏನು ಮಾಡುತ್ತದೆಂಬುದನ್ನು ನೋಡುವ ಸಾಧನಗಳು ಈಗ ಇವೆ. ಹಾನ್ಸ್ ಬರ್ಗರ್ ಎಂಬವರು ೧೯೨೯ರಲ್ಲಿ ಮನುಷ್ಯರ ತಲೆಯ ಮೇಲಿನಿಂದಲೇ ಮಿದುಳಿನ ವಿದ್ಯುತ್ ಅಲೆಗಳನ್ನು ಗುರುತಿಸಿದ ವರ್ತಮಾನವನ್ನು ಪ್ರಕಟಿಸಿದರು, ಇ.ಇ.ಜಿ. ಎಂದು ಎಲ್ಲರೂ ಕರೆಯುವುದು ಅದನ್ನೇ. ಜರ್ಮನಿಯ ಬೌಮೈಸ್ಟರ್ ಮತ್ತು ಸಂಗಡಿಗರು ರಜ್ಜುವನ್ನು ಹೊಸದಾಗಿ ಕಟ್ಟಿಸಿಕೊಂಡವರ ತಲೆಗೆ ಈ ಯಂತ್ರದ ತಂತಿಗಳನ್ನು ಜೋಡಿಸಿ, ಮಂಡಿಯನ್ನು ಒಂದು ಗೊತ್ತಾದ ಕೋನಕ್ಕೆ ತರುವ ಕೆಲಸವನ್ನು ಕೊಟ್ಟರು. ೨೦೦೮ರಲ್ಲಿ ಪ್ರಕಟವಾದ ಅವರ ವರದಿಯಂತೆ, ಆರೋಗ್ಯವಂತರಿಗಿಂತ ಇವರ ಹಣೆಯ ಹಿಂದಣ ಮಿದುಳಿನಲ್ಲಿ ಥೀಟಾ ಎಂಬ ನಿಧಾನದ ಅಲೆಗಳು ಹೆಚ್ಚಾಗಿದ್ದುವು. ಮನಸ್ಸನ್ನು ಒಂದೆಡೆ ನಿಲ್ಲಿಸಿ ದುಡಿಯುವಾಗ, ಎಂದರೆ ಕಷ್ಟದ ಲೆಕ್ಕವನ್ನು ಬಾಯಲ್ಲಿಯೇ ಮಾಡುವಂತಹ ಹೊತ್ತಿನಲ್ಲಿ, ಏಳುವ ಅಲೆಗಳಿವು. ಮಂಡಿ ಬಾಗಿಸುವುದೆಂಬ ಹಸುಳೆಯ ಕೆಲಸಕ್ಕೆ ಇವರ ಮಿದುಳು ಲೆಕ್ಕ ಮಾಡುವಷ್ಟು ಶ್ರಮಪಡುತ್ತಿತ್ತು. ೨೦೧೭ರಲ್ಲಿ ಅಮೆರಿಕದ ಗ್ರೂಮ್ಸ್ ಮತ್ತವರ ಸಂಗಡಿಗರು ಬೇರೊಂದು ದಾರಿ ಹಿಡಿದರು. ಶಸ್ತ್ರಚಿಕಿತ್ಸೆಯಾದ ಹದಿನೈದು ಮಂದಿಯನ್ನೂ ಆಗದ ಹದಿನೈದು ಮಂದಿಯನ್ನೂ ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ಮಂಡಿಯನ್ನು ಮಡಿಸಿ ಚಾಚಿಸಿದರು. ಶಸ್ತ್ರಚಿಕಿತ್ಸೆಯಾದವರಲ್ಲಿ ಚಲನೆಯ ಭಾಗವು ಹೆಚ್ಚು ಚುರುಕಾಗಿದ್ದುದಲ್ಲದೆ, ಕಣ್ಣಿನ ನೋಟಕ್ಕೆ ಸಂಬಂಧಪಟ್ಟ ಹಿಂಭಾಗದ ಒಂದು ಮಡಿಕೆಯೂ ಹೆಚ್ಚು ಎಚ್ಚರವಾಗಿತ್ತು. ಕಾಲು ಕಳುಹಿಸದ ಸುದ್ದಿಯನ್ನು ಮಿದುಳು ಕಣ್ಣಿನಿಂದ ತುಂಬಿಕೊಳ್ಳುತ್ತಿದೆಯೆಂದು ಪಂಡಿತರು ಇದನ್ನು ವ್ಯಾಖ್ಯಾನಿಸುತ್ತಾರೆ.

ನಮ್ಮ ಶಾಲೆಯ ಒಬ್ಬ ಬಾಲಿಕೆಯ ನಡೆನುಡಿಯಲ್ಲಿ ನಾವು ಕಂಡ ಒಂದು ಸಣ್ಣ ಸಂಗತಿಯು ಈ ವರದಿಗಳನ್ನು ಓದಿದ ಮೇಲೆ ಅರ್ಥವಾಯಿತು. ಶಸ್ತ್ರಚಿಕಿತ್ಸೆಯಾಗಿ ಐದಾರು ತಿಂಗಳಾಗಿದ್ದುವು. ಅಂಗಳದಲ್ಲಿ ಆಕೆ ಎಲ್ಲರಂತೆಯೇ ನಡೆಯುತ್ತಿದ್ದಳು. ಆದರೆ ಮೆಟ್ಟಿಲಿಳಿಯುವಾಗ ಗೆಳತಿಯರಾರಾದರೂ ಕೂಗಿದರೆ ನಡುವೆಯೇ ನಿಂತು, ಉತ್ತರ ಹೇಳಿ, ಬಳಿಕ ಕೆಳಗೆ ನೋಡಿಕೊಂಡು ಇಳಿಯುತ್ತಿದ್ದಳು. ಜತೆಯವರು ಇದನ್ನು ಬಿಂಕವೆಂದರು. ಮನೆಯಲ್ಲಿ ಅಜ್ಜಿಯು “ಹೆದರುಪುಕ್ಕಲಿ” ಎಂದರಂತೆ. ಆಕೆಗೆ ಬಿಂಕವೂ ಇರಲಿಲ್ಲ, ಹೆದರಿಕೆಯೂ ಅಷ್ಟಾಗಿ ಇರಲಿಲ್ಲ. ಇತರರ ಕಾಲು ತಾನಾಗಿ ಮಾಡುವ ಕೆಲಸವನ್ನು ಆಕೆಯ ಮಿದುಳು ಕಣ್ಣಿಟ್ಟು ಮಾಡುತ್ತಿತ್ತು; ಮಾತಿಗೂ ಮೆಟ್ಟಿಲಿಗೂ ಒಟ್ಟಿಗೆ ಗಮನ ಕೊಡುವಷ್ಟು ಬಿಡುವು ಅದಕ್ಕಿರಲಿಲ್ಲ. ತಾಯಂದಿರು ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ವಿಶೇಷ ಪ್ರಾರ್ಥನೆ. ಇಂತಹ ಮಕ್ಕಳನ್ನು ಪುಕ್ಕಲಿಯರೆಂದು ಜರೆದರೆ ಅವರು ನಾಚಿಕೆಯಿಂದ ಧೈರ್ಯದ ವೇಷ ಹಾಕುವರು. ಹಾಗೆ ವೇಷ ಹಾಕಿ ಬಯಲಿಗಿಳಿದವಳಿಗೆ ಅಲ್ಲಿ ಕೆಳಗೆ ನೋಡಿಕೊಳ್ಳಲು ಸಮಯವೆಲ್ಲಿಯದು? ಕಣ್ಣು ಎದುರಾಳಿಯ ಮೇಲಿರಬೇಕು, ಕಿವಿ ಸೀಟಿಯ ಮೇಲೆ, ಮನಸ್ಸು ಗೆಲುವಿನ ಮೇಲೆ. ಮಂಡಿಯನ್ನು ಕಾಯುವವರು ಯಾರೂ ಇಲ್ಲದ ಆ ಗಳಿಗೆಯೇ ಎರಡನೆಯ ಪೆಟ್ಟಿನ ಗಳಿಗೆ.

ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ವಿಷಯವನ್ನೂ ಇಲ್ಲಿಯೇ ಸೇರಿಸಬೇಕು. ಮಂಡಿಯೊಳಗೆ ಬಾವು ಇರುವವರೆಗೆ ಆ ಸ್ನಾಯುವನ್ನು ಪೂರ್ತಿಯಾಗಿ ಬಿಗಿಯಲು ನರವ್ಯೂಹವು ಅಪ್ಪಣೆ ಕೊಡುವುದಿಲ್ಲ. ಹುಡುಗಿ ಎಷ್ಟು ಪ್ರಯತ್ನಪಟ್ಟರೂ ಸ್ನಾಯು ಸಪ್ಪಗೆ ಬಿದ್ದಿರುತ್ತದೆ. ಕೆಲವರಲ್ಲಿ ಪೆಟ್ಟಾಗದ ಕಾಲಿನ ಸ್ನಾಯುವೂ ಸ್ವಲ್ಪ ಸೊರಗುತ್ತದೆ. ಒಂದು ಮಂಡಿಯ ಸಮಾಚಾರವು ಎರಡು ಕಾಲಿಗೂ ಮುಟ್ಟುವುದು ನಡುವೆ ಬೆನ್ನುಹುರಿಯೂ ಮಿದುಳೂ ಇರುವುದರಿಂದಲ್ಲವೆ?

ಈ ಪರಿಶೋಧನೆಗಳಿಗೆ ಮಿತಿಗಳೂ ಉಂಟು. ಪರೀಕ್ಷೆಗೆ ಒಳಗಾದವರ ಸಂಖ್ಯೆ ಸಣ್ಣದು. ಯಂತ್ರದಲ್ಲಿ ಮಲಗಿ ಮಂಡಿ ಮಡಿಸುವುದಕ್ಕೂ ಮೈದಾನದಲ್ಲಿ ಓಡುವುದಕ್ಕೂ ಬಹಳ ಅಂತರ. ಮಿದುಳಿನ ಈ ಬದಲಾವಣೆಯನ್ನು ದೋಷವೆನ್ನಬೇಕೋ, ಕೊರತೆಯನ್ನು ತುಂಬಿಕೊಳ್ಳುವ ಜಾಣತನವೆನ್ನಬೇಕೋ ಎಂಬ ಚರ್ಚೆಯೂ ಮುಗಿದಿಲ್ಲ. ಎಲ್ಲವೂ ಪೆಟ್ಟಿನ ಅನಂತರವೇ ಆದುದೆಂದೂ ಹೇಳುವಂತಿಲ್ಲ. ಅಮೆರಿಕದ ಕಾಲೇಜು ಕ್ರೀಡಾಳುಗಳನ್ನು ಮೊದಲೇ ಪರೀಕ್ಷಿಸಿಟ್ಟಿದ್ದ ಒಂದು ಅಧ್ಯಯನವು ೨೦೦೭ರಲ್ಲಿ ಪ್ರಕಟವಾಯಿತು. ಮುಂದೆ ಯಾರ ರಜ್ಜು ಯಾರೂ ತಾಗದೆಯೇ ಹರಿಯಿತೋ ಅವರು ಪೆಟ್ಟಿಗೆ ಮುಂಚೆಯೇ ನೋಡಿದ್ದಕ್ಕೆ ಪ್ರತಿಕ್ರಿಯೆ ತೋರಿಸುವುದರಲ್ಲಿ ಉಳಿದವರಿಗಿಂತ ಸ್ವಲ್ಪ ನಿಧಾನವಾಗಿದ್ದರೆಂದು ಅದರಲ್ಲಿ ಕಂಡುಬಂತು. ಮಂಡಿಯು ಮಿದುಳನ್ನು ಬದಲಿಸುವಂತೆಯೇ ಮಿದುಳು ಮಂಡಿಯನ್ನು ಅಪಾಯಕ್ಕೆ ಒಡ್ಡಲೂಬಹುದು.

ಹಾಗಾದರೆ ಎಷ್ಟು ಕಾಲ ಕಾಯಬೇಕು? ನಾರ್ವೆ ಮತ್ತು ಅಮೆರಿಕಗಳ ವೈದ್ಯರು ಕೂಡಿ ನಡೆಸಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಸಂಭವವು ಸುಮಾರು ಅರ್ಧದಷ್ಟು ಇಳಿಯುತ್ತ ಹೋಯಿತು. ಇಪ್ಪತ್ತೈದು ವರ್ಷಕ್ಕೆ ಒಳಪಟ್ಟು ಆಟಕ್ಕೆ ಮರಳಿದವರಲ್ಲಿ ಹೆಚ್ಚುಕಡಮೆ ನಾಲ್ವರಿಗೊಬ್ಬರು ಅದೇ ಮಂಡಿಯನ್ನೋ ಇನ್ನೊಂದು ಮಂಡಿಯನ್ನೋ ಪುನಃ ಕೆಡಿಸಿಕೊಂಡರೆಂದು ಅದೇ ವರ್ಷದ ಮತ್ತೊಂದು ವರದಿ. ಈ ಲೆಕ್ಕವನ್ನು ತಂದೆಯರ ಮುಂದಿಟ್ಟರೆ ಅವರು ವೃತ್ತಪತ್ರಿಕೆಯ ಕ್ರೀಡಾಪಟುಗಳನ್ನು ಎದುರಿಗೆ ತರುತ್ತಾರೆ. ಕ್ರಿಕೆಟ್ ಆಟಗಾರರಾದ ರಿಷಭ್ ಪಂತ್ ಅವರಿಗೆ ೨೦೨೨ನೆಯ ಡಿಸೆಂಬರ್ ೩೦ರಂದು ಕಾರಿನ ಅಪಘಾತವಾಗಿ, ೨೦೨೩ರ ಜನವರಿಯಲ್ಲಿ ಮುಂಬಯಿಯಲ್ಲಿ ಮಂಡಿಯ ರಜ್ಜುಗಳ ಶಸ್ತ್ರಚಿಕಿತ್ಸೆಯಾಯಿತು. ಅವರು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸಮಾಡಿ ಪಂದ್ಯಕ್ಕೆ ಮರಳಿದುದು ೨೦೨೪ರ ಮಾರ್ಚಿಯಲ್ಲಿ. ದಿನವೆಲ್ಲ ಕೈಯಡಿಯಲ್ಲಿ ತಜ್ಞರಿದ್ದವರಿಗೇ ಸುಮಾರು ಹದಿನಾಲ್ಕು ತಿಂಗಳಾದುವು. ಕುಸ್ತಿಪಟು ವಿನೇಶ್ ಫೋಗಟ್ ಅವರಾದರೋ ೨೦೨೩ರ ಆಗಸ್ಟಿನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು ಒಂದು ವರ್ಷದೊಳಗೆ ಪ್ಯಾರಿಸ್ ಒಲಿಂಪಿಕ್ಸಿನ ಅಂತಿಮ ಪಂದ್ಯದವರೆಗೆ ಏರಿದರು. ಆ ಸೋದರಿಯ ಸಾಹಸವನ್ನು ನಾವು ಮೆಚ್ಚುತ್ತೇವೆ. ತಾಲ್ಲೂಕು ಮಟ್ಟದ ಪಂದ್ಯಕ್ಕಾಗಿ ಹದಿನಾಲ್ಕು ವರ್ಷದ ಹುಡುಗಿಯನ್ನು ಅದೇ ಅವಸರದಿಂದ ಇಳಿಸಬೇಕೆನ್ನುವವರನ್ನು ಮಾತ್ರ ಮೆಚ್ಚಲಾರೆವು.

ಕಾಯುವುದೆಂದರೆ ಸುಮ್ಮನೆ ಕೂರುವುದೆಂದು ಯಾರೂ ತಿಳಿಯಬಾರದು. ಮಿದುಳಿಗೆ ಹಳೆಯ ಪಾಠವನ್ನು ಹೊಸ ಮೇಷ್ಟರಿಂದ ಕಲಿಸಬೇಕಾಗಿದೆ. ಫಿಸಿಯೊಥೆರಪಿಯವರು ಮೊದಲು ಸ್ನಾಯುವಿಗೆ ಬಲ ಬರಿಸುತ್ತಾರೆ. ಆಮೇಲೆ ಗೋಡೆಯ ಬಳಿ ಒಂಟಿಕಾಲಿನಲ್ಲಿ ನಿಲ್ಲಿಸುತ್ತಾರೆ. ಅದು ಸುಲಭವಾದ ಮೇಲೆ ಕಣ್ಣುಮುಚ್ಚಿಸಿ, ಅನಂತರ ಮೆತ್ತನೆಯ ದಿಂಬಿನ ಮೇಲೆ. “ಮಂಡಿಯನ್ನು ನೋಡಿಕೋ” ಎನ್ನುವುದಕ್ಕಿಂತ “ಎದುರಿನ ಗುರುತನ್ನು ಮುಟ್ಟುವಂತೆ ಹಾರು” ಎನ್ನುವುದು ಮೇಲೆಂದು ಈಗಿನವರ ಅನುಭವ. ಮಂಡಿಯನ್ನು ಮರೆತು ಚಲಿಸುವುದನ್ನು ಮಿದುಳು ತಿರುಗಿ ಕಲಿಯಬೇಕಷ್ಟೆ. ಕಣ್ಣಿನ ಊರುಗೋಲನ್ನು ಬಿಡಿಸಲು ಬಿಟ್ಟುಬಿಟ್ಟು ಮರೆಯಾಗುವ ಗಾಜಿನ ಕನ್ನಡಕಗಳನ್ನು ಕೂಡ ಕೆಲವೆಡೆ ಬಳಸುತ್ತಾರೆ. ಅಷ್ಟು ದೂರ ಹೋಗಬೇಕಾದುದಿಲ್ಲ. ವೈದ್ಯರ ಅನುಮತಿ ದೊರೆತ ಮೇಲೆ ಒಂಟಿಕಾಲಿನಲ್ಲಿ ನಿಂತು ಹದಿಮೂರರ ಮಗ್ಗಿಯನ್ನು ಒಪ್ಪಿಸುವುದು, ತಂಗಿಯು ಎಸೆದ ಚೆಂಡನ್ನು ಹಿಡಿಯುವುದು ಇವೂ ಅದೇ ಗುಣವನ್ನು ಕೊಡುವ ಅಭ್ಯಾಸಗಳು. ದೇಹಕ್ಕೊಂದು ಕೆಲಸ, ಮನಸ್ಸಿಗೆ ಇನ್ನೊಂದು. ಎರಡನ್ನೂ ಕೂಡಿಸಿದಾಗ ಕಾಲು ತಾನಾಗಿ ನಿಲ್ಲುವುದನ್ನು ಕಲಿಯುತ್ತದೆ.

ಆಟಕ್ಕೆ ಮರಳುವ ಮುನ್ನ ಆಸ್ಪತ್ರೆಯಲ್ಲಿ ಮಾಡುವ ಒಂದು ಪರೀಕ್ಷೆಯನ್ನು ಕೇಳಿ ನಮ್ಮ ಹಳೆಯ ವಿದ್ಯಾರ್ಥಿನಿಯರು ನಗುವರು. ಒಂದೇ ಕಾಲಿನಲ್ಲಿ ಕುಪ್ಪಳಿಸಿ ಎಷ್ಟು ದೂರ ಹೋಗುವಳೆಂದು ಅಳೆದು, ಎರಡು ಕಾಲುಗಳನ್ನೂ ಹೋಲಿಸಿ, ಪೆಟ್ಟಾದುದು ಇನ್ನೊಂದರ ನೂರಕ್ಕೆ ತೊಂಬತ್ತು ಪಾಲನ್ನಾದರೂ ಮುಟ್ಟಬೇಕೆನ್ನುತ್ತಾರೆ. ಇದು ಕುಂಟೆಬಿಲ್ಲೆಯಲ್ಲದೆ ಮತ್ತೇನು? ಅಂಗಳದಲ್ಲಿ ಮನೆಗಳನ್ನು ಗೀಚಿ, ಬಿಲ್ಲೆಯನ್ನೆಸೆದು, ಗೆರೆ ತುಳಿಯದೆ ಕುಂಟಿಕೊಂಡು ಹೋಗಿ ತಿರುಗಿ ಬರುತ್ತಿದ್ದ ಅಜ್ಜಿಯರು ಸಮತೋಲವನ್ನು ಯಾವ ಯಂತ್ರದ ನೆರವೂ ಇಲ್ಲದೆ ಸಾಧಿಸಿದ್ದರು. ಈಗಿನ ಮಕ್ಕಳ ಅಂಗಳಗಳಲ್ಲಿ ಆ ಗೆರೆಗಳು ಅಪರೂಪವಾಗಿರುವುದು ನಮಗೆ ವ್ಯಸನಕರ. ಆದರೂ ಕುಪ್ಪಳಿಸಿದ ದೂರವೊಂದನ್ನೇ ನಂಬುವಂತಿಲ್ಲ. ಅಳತೆಯ ಪಟ್ಟಿಗೆ ಮಿದುಳಿನ ಆಯಾಸವು ಕಾಣುವುದಿಲ್ಲ. ಸಾವನದುರ್ಗದ ಬಂಡೆಯನ್ನು ಹತ್ತಿ ಬಂದೆನೆಂದು ಹೇಳುವವಳನ್ನು, ಇಳಿಯುವಾಗ ಗೆಳತಿಯೊಡನೆ ಮಾತನಾಡುತ್ತ ಇಳಿದೆಯಾ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಇನ್ನು ತಾಯಿತಂದೆಗಳಿಗೆ ಕೆಲವು ವ್ಯಾವಹಾರಿಕ ವಿಷಯಗಳು. ಮಂಡಿ ಊದಿಕೊಂಡು, ತಿರುಗುವಾಗ ಕಾಲು ಕೈಕೊಡುವಂತಿದ್ದರೆ ನೀವಿಸದೆ ಮೂಳೆಯ ವೈದ್ಯರಿಗೆ ತೋರಿಸತಕ್ಕದ್ದು. ಹೆಣ್ಣುಮಗಳ ಕಾಲಿಗೆ ಶಸ್ತ್ರಚಿಕಿತ್ಸೆಯಾಯಿತೆಂದು ನೆಂಟರಿಗೆ ತಿಳಿದರೆ ಮುಂದೆ ಸಂಬಂಧ ಕೂಡಲಾರದೆಂಬ ಅಂಜಿಕೆಯಿಂದ ಗುಟ್ಟುಮಾಡಿ, ಅಭ್ಯಾಸಕ್ಕೆ ಕಳುಹಿಸದೆ, ಮಗುವನ್ನು ಮನೆಯಲ್ಲಿಯೇ ಇರಿಸಿಕೊಂಡವರನ್ನು ನಾವು ಬಲ್ಲೆವು. ಶಸ್ತ್ರಚಿಕಿತ್ಸೆಯ ಮಚ್ಚೆಯಿಂದ ಯಾರೂ ಕುಂಟುವುದಿಲ್ಲ. ಮಾಡದೆ ಬಿಟ್ಟ ಅಭ್ಯಾಸದಿಂದ ಕುಂಟುವವರುಂಟು. ಶಾಲೆಗೆ ಮರಳಿ ಕಳುಹಿಸುವಾಗ ವೈದ್ಯರ ಚೀಟಿಯಲ್ಲಿ ಶಸ್ತ್ರಚಿಕಿತ್ಸೆಯ ತಾರೀಖು, ಮೆಟ್ಟಿಲು ಹತ್ತಿಳಿಯುವ ಬಗೆಗೆ ಅವರ ಅಭಿಪ್ರಾಯ, ಓಡಲು ಅನುಮತಿಯುಂಟೇ, ತಿರುಗಿ ಹಾರಲು ಅನುಮತಿಯುಂಟೇ ಎಂಬುದನ್ನು ಬೇರೆಬೇರೆಯಾಗಿ ಬರೆಸಿ ತರಬೇಕು. ಬರಿಯ “ಆಟಕ್ಕೆ ಯೋಗ್ಯಳು” ಎಂಬ ಒಕ್ಕಣೆ ಸಾಲದು. ಮೇಲಿನ ಅಂತಸ್ತಿನ ತರಗತಿಯಾದರೆ ನಮಗೆ ಮುಂಚಿತವಾಗಿ ತಿಳಿಸಿದಲ್ಲಿ ಕೆಳಗಿನ ಕೊಠಡಿಗೆ ಬದಲಾಯಿಸಿಕೊಡಲಾಗುವುದು. ಮೇಲೆ ಹೇಳಿದ ಬಾಲಿಕೆಯು ಆ ವರ್ಷದ ಖೋ-ಖೋ ಪಂದ್ಯಗಳಲ್ಲಿ ಅಂಕಗಳನ್ನು ಬರೆದುಕೊಳ್ಳುವ ಕೆಲಸವನ್ನು ಮಾಡಿದಳು. ಮರುವರ್ಷ ಆಟಕ್ಕೆ ಇಳಿದಳು.